ಬೆದ್ರೋಸ್ ಹಗೋಪ್ಯಾನನ ಹೊಸ ಪಾಸ್‌ಪೋರ್ಟ್

ಗೋಡೆಯ ಮೇಲಿದ್ದ ತನ್ನ ಹೆಸರಿನ ಹಿತ್ತಾಳೆ ಫಲಕವನ್ನು ಕಿತ್ತದ್ದನ್ನು ಹಿಲ್ರಾಯ್ ಲಾರೋಂಡ್ ಹೇಗೋ ನುಂಗಿಕೊಳ್ಳುತ್ತಿದ್ದನೇನೋ. ಕಿತ್ತ ಮೇಲೆ ಉಳಿದ ನಾಲ್ಕು ತೂತುಗಳಿಗೆ ಒಂದಿಷ್ಟು ಸಿಮೆಂಟು ಮೆತ್ತುವ ಸೌಜನ್ಯವನ್ನೂ ಯಾರೂ ತೋರಿಸಲಿಲ್ಲವಲ್ಲ, ಅದು ಅವನ ಹೊಟ್ಟೆ ಉರಿಸಿತು.

ರೋಸೋ ಪಟ್ಟಣದ ಆ ವಕೀಲರ ಕಚೇರಿಯಲ್ಲಿ ಅವನು ಇಪ್ಪತ್ತೇಳು ವರ್ಷ ಕತ್ತೆಯ ಹಾಗೆ ದುಡಿದಿದ್ದ. ಹಣ ಹೂಡಿ ಡೊಮಿನಿಕಾ ದ್ವೀಪದ ಪೌರತ್ವ ಪಡೆಯಬಯಸುವ ಹೊರದೇಶದವರ ಅರ್ಜಿಗಳನ್ನು ನಡೆಸಿಕೊಡುವ ವಿಭಾಗವನ್ನು ಕಟ್ಟಿದವನೇ ಅವನು. ಬಾಳೆಹಣ್ಣಿನ ವ್ಯಾಪಾರ ನೆಲಕಚ್ಚಿ, ಊರಿನ ವಕೀಲರೆಲ್ಲ ಬೇಲಿ ಜಗಳಗಳನ್ನು ನೆಚ್ಚಿಕೊಂಡು ನೊಣ ಹೊಡೆಯುತ್ತಿದ್ದ ಕಾಲದಲ್ಲಿ ಒಂದು ಮೇಜು, ಒಂದು ಫ್ಯಾಕ್ಸ್ ಯಂತ್ರ ಇಟ್ಟುಕೊಂಡು ಶುರುಮಾಡಿದ್ದ. ಈಗ ಆ ವಿಭಾಗಕ್ಕೆ ಎರಡು ಮಹಡಿ, ಗಾಜಿನ ಬಾಗಿಲು, ಮತ್ತು ಮುಖ್ಯಸ್ಥನಾಗಿ ಹಿರಿಯ ಪಾಲುದಾರರ ಸೋದರಳಿಯ, ಮೂವತ್ತನಾಲ್ಕರ ಕೆಂಡ್ರಿಕ್.

"ಸಾಕಷ್ಟು ದುಡಿದ್ರಿ, ಮಿಸ್ಟರ್ ಲಾರೋಂಡ್," ಎಂದಿದ್ದ ಕೆಂಡ್ರಿಕ್, ಹೊಸ ವರ್ಷದ ಮೊದಲ ಸೋಮವಾರ. "ಹಳೇ ಕಕ್ಷಿದಾರರ ಪಾಸ್‌ಪೋರ್ಟ್ ನವೀಕರಣ ಡಿಸೆಂಬರ್‌ವರೆಗೆ ನಿಮ್ಮ ಕೈಯಲ್ಲೇ ಇರ್ಲಿ. ಆಮೇಲೆ ಆರಾಮಾಗಿ ಮೀನು ಹಿಡ್ಕೊಂಡಿರಿ."

ಅರವತ್ತೊಂದು ವರ್ಷದ ಲಾರೋಂಡ್ ಹುಟ್ಟಿದಾರಭ್ಯ ಗಾಳ ಮುಟ್ಟಿದವನಲ್ಲ. ಆದರೆ ಆ ಮಾತಿನಲ್ಲಿ ಕೆಂಡ್ರಿಕ್ ತನಗೆ ಏನು ಕೊಟ್ಟುಬಿಟ್ಟಿದ್ದಾನೆಂಬುದು ಅವನಿಗೆ ಹೊಳೆದದ್ದು ಎರಡು ತಿಂಗಳ ಮೇಲೆ.

ಅವನ ಮನೆ ಇದ್ದದ್ದು ಪಟ್ಟಣದ ಅಂಚಿನ ಗುಡ್‌ವಿಲ್‌ನಲ್ಲಿ. ಹೆಂಡತಿ ಇಪ್ಪತ್ತೆರಡು ವರ್ಷದ ಹಿಂದೆ ಟೊರಾಂಟೊದಲ್ಲಿದ್ದ ತಂಗಿಯನ್ನು ನೋಡಿಬರುತ್ತೇನೆಂದು ಹೋದಳು. ಅಲ್ಲಿಂದ ಬಂದ ಮೊದಲ ಪತ್ರದಲ್ಲೇ ಚಳಿಗಾಲದ ಕೋಟು ಕೊಂಡ ಸುದ್ದಿಯಿತ್ತು. ಅವಳು ಮರಳುವುದಿಲ್ಲವೆಂದು ಅವನಿಗೆ ಆಗಲೇ ಗೊತ್ತಾಯಿತು. ಮಕ್ಕಳಿರಲಿಲ್ಲ. ತಾಯಿ ಇರುವಷ್ಟು ಕಾಲ ಮನೆಯಲ್ಲಿ ಒಂದು ಸದ್ದಿತ್ತು. ಸಂಜೆ ಆರೂವರೆಗೆ ರೇಡಿಯೊದಲ್ಲಿ ಆರ್ಗನ್ ವಾದ್ಯ ಕೇಳಿಸಿದರೆ ಸಾಕು, ಅವಳು ಒಲೆ ಸಣ್ಣ ಮಾಡಿ ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಅದು ದ್ವೀಪದಲ್ಲಿ ಸತ್ತವರ ಸುದ್ದಿ ಓದುವ ಹೊತ್ತು. ಹೆಸರು, ಊರಲ್ಲಿ ಕರೆಯುತ್ತಿದ್ದ ಅಡ್ಡಹೆಸರು, ಆಮೇಲೆ ದುಃಖದಲ್ಲಿರುವ ಬಂಧುಗಳ ಪಟ್ಟಿ. "ಮೂವತ್ತೆರಡು ಮೊಮ್ಮಕ್ಕಳು ಕಣೋ," ಎಂದು ಸತ್ತವರ ಮೇಲೆ ಹೊಟ್ಟೆಕಿಚ್ಚುಪಡುತ್ತಿದ್ದಳು. ಆರು ವರ್ಷದ ಹಿಂದೆ ಅವಳ ಸುದ್ದಿಯೂ ಬಂತು. ಬಂಧುಗಳ ಪಟ್ಟಿಯಲ್ಲಿ ಮಗ ಹಿಲ್ರಾಯ್, ಅಷ್ಟೇ. ಓದುವವನು ಮುಂದಿನ ಹೆಸರಿಗೆ ಕಾದವನಂತೆ ಒಂದು ಕ್ಷಣ ತಡೆದ. ಆ ಕ್ಷಣ ಲಾರೋಂಡನಿಗೆ ತಡೆಯಲಾರದಷ್ಟು ಸಂಕಟವಾಯಿತು. ಅಂದಿನಿಂದ ಆ ಮನೆಯಲ್ಲಿ ಆರೂವರೆಗೆ ರೇಡಿಯೊ ಆರುತ್ತಿತ್ತು. ಅವನು ಹಲಸಿನಂಥ ಬ್ರೆಡ್‌ಫ್ರೂಟ್ ಬೇಯಿಸಿಕೊಂಡು, ನಿಂತೇ ತಿಂದು ಮಲಗುತ್ತಿದ್ದ.

ಅವನಿಗೆ ಬೇಕಿದ್ದದ್ದು ಮಾಂಟ್ರಿಯಲ್. ಅಷ್ಟು ದೊಡ್ಡ ನಗರದಲ್ಲಿ ಒಂಟಿಯಾಗಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿ ಹಾಗಲ್ಲ. ಇಲ್ಲಿ ಮೀನಿನವಳೂ "ಒಂದೇ ತುಂಡು ಸಾಕಾ, ವಕೀಲ್ರೇ?" ಎಂದು ಕೇಳುತ್ತಾಳೆ.

ಅವನು ಪೌರರನ್ನಾಗಿ ಮಾಡಿದ ಸಾವಿರದ ನಾನೂರು ಜನರಲ್ಲಿ ಹೆಚ್ಚಿನವರು ಈ ದ್ವೀಪವನ್ನು ನಕ್ಷೆಯಲ್ಲೂ ಹುಡುಕಿ ನೋಡಿದವರಲ್ಲ. ಹಾಗಲ್ಲದವನು ಒಬ್ಬನೇ, ಬೆದ್ರೋಸ್ ಹಗೋಪ್ಯಾನ್. ಅಲೆಪ್ಪೊದ ಅರ್ಮೇನಿಯನ್. ಯುದ್ಧದಲ್ಲಿ ತನ್ನ ಅಂಗಿಗುಂಡಿ ಕಾರ್ಖಾನೆಯನ್ನೂ ಹೆಂಡತಿಯನ್ನೂ ಕಳೆದುಕೊಂಡು ಸೈಪ್ರಸ್‌ನ ಲಿಮಸೋಲ್ ಪಟ್ಟಣದಲ್ಲಿ ಒಬ್ಬನೇ ಉಳಿದಿದ್ದ. ಹತ್ತು ವರ್ಷದ ಹಿಂದೆ ಪಾಸ್‌ಪೋರ್ಟ್ ಪಡೆದವನು ಅಲ್ಲಿಂದಾಚೆ ಪ್ರತಿ ಫೆಬ್ರವರಿಯಲ್ಲೂ ಹತ್ತು ದಿನ ಬಂದು, ಸ್ಕಾಟ್ಸ್ ಹೆಡ್ ಎಂಬ ಮೀನುಗಾರರ ಹಳ್ಳಿಯಲ್ಲಿ ಮಾ ಅರ್ನೆಸ್ಟೀನ್ ಎಂಬ ಮುದುಕಿಯ ಮನೆಯ ಮೇಲಿನ ಕೋಣೆಯಲ್ಲಿ ಇರುತ್ತಿದ್ದ. "ಪಾಸ್‌ಪೋರ್ಟ್ ಕೊಟ್ಟ ದೇಶದಲ್ಲಿ ಒಂದು ಹಾಸಿಗೆಯಾದ್ರೂ ಬೇಡ್ವಾ?" ಎನ್ನುತ್ತಿದ್ದ. ಲಾರೋಂಡ್ ವಿಮಾನ ನಿಲ್ದಾಣದಿಂದ ಕರೆತರುತ್ತಿದ್ದ, ಒಂದು ಮಧ್ಯಾಹ್ನ ಜೊತೆಗೆ ಊಟ ಮಾಡುತ್ತಿದ್ದ. "ಈ ದ್ವೀಪದಲ್ಲಿ ನಂಗೆ ಅಂತ ಇರೋನು ನೀನೊಬ್ಬನೇ, ಹಿಲ್ರಾಯ್," ಎಂದು ಕಳೆದ ಫೆಬ್ರವರಿಯಲ್ಲಿ ಆ ಮನುಷ್ಯ ಮೀನಿನ ಮುಳ್ಳು ಬಿಡಿಸುತ್ತ ಹೇಳಿದ್ದ. ಕಕ್ಷಿದಾರರು ಇಂಥದ್ದು ಹೇಳುತ್ತಾರೆ. ಲಾರೋಂಡ್ ನಕ್ಕು, ಆ ಅರ್ಧ ದಿನವನ್ನೂ ಬಿಲ್ಲಿಗೆ ಸೇರಿಸಿದ್ದ.

ಮಾರ್ಚ್ ಒಂಬತ್ತರ ಬೆಳಗ್ಗೆ ಲಿಮಸೋಲ್‌ನ ಆಸ್ಪತ್ರೆಯೊಂದರಿಂದ ಫೋನು ಬಂತು. ಹೃದಯ ನಿಂತಿತ್ತು. ಜೇಬಿನಲ್ಲಿ ಲಾರೋಂಡನ ಕಾರ್ಡು ಸಿಕ್ಕಿತ್ತು.

"ನೀವು ಸಂಬಂಧಿಕರಾ?" ಎಂದು ನರ್ಸ್ ಕೇಳಿದಳು.

"ಅಲ್ಲ. ವಕೀಲ."

ಅಲ್ಲಿನ ಚರ್ಚಿನವರೇ ಮಣ್ಣು ಮಾಡುತ್ತಾರೆ, ಕಾಗದಪತ್ರ ನೀವು ನೋಡಿಕೊಳ್ಳಿ ಎಂದಳು ಅವಳು. ನೋಡಿಕೊಳ್ಳುತ್ತೇನೆ ಎಂದ ಅವನು. ಫೋನು ಇಟ್ಟ ಮೇಲೆ ದುಃಖವಾಯಿತು, ಅದು ಸುಳ್ಳಲ್ಲ. ಮಧ್ಯಾಹ್ನದವರೆಗೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಆಮೇಲೆ ಎದ್ದು ಹಗೋಪ್ಯಾನನ ಕಡತ ತೆಗೆದ, ಪಾಸ್‌ಪೋರ್ಟಿನ ಅವಧಿ ಜೂನ್‌ಗೆ ಮುಗಿಯುತ್ತದೆಂಬುದನ್ನು ಕಂಡ, ಮತ್ತು ಅವನ ಮನಸ್ಸು ಕೆಲಸಕ್ಕೆ ಇಳಿಯಿತು.

ಯೋಜನೆ ಅವನಿಗೇ ನಾಚಿಕೆಯಾಗುವಷ್ಟು ಸರಳವಾಗಿತ್ತು. ಹೊರಗಿರುವ ಪೌರನ ಪಾಸ್‌ಪೋರ್ಟ್ ನವೀಕರಿಸಲು ಅವನೇ ಬರಬೇಕಿಲ್ಲ. ಅವನ ವಕೀಲ ಅರ್ಜಿ ಕೊಟ್ಟರಾಯಿತು. ಹೊಸ ಫೋಟೊದ ಹಿಂದೆ ಗೊತ್ತಿರುವ ಗಣ್ಯರೊಬ್ಬರು 'ಇವರನ್ನು ನಾನು ಖುದ್ದಾಗಿ ಬಲ್ಲೆ, ಇದು ಇವರದೇ ಚಿತ್ರ' ಎಂದು ಬರೆದು ಸಹಿ ಹಾಕಬೇಕು. ಆ ಗಣ್ಯ ವ್ಯಕ್ತಿ ಲಾರೋಂಡನೇ. ಫೋಟೊ ಯಾರದು? ಪೌರತ್ವದ ಅರ್ಜಿ ಎರಡು ಸಲ ತಿರಸ್ಕೃತವಾಗಿದ್ದ ಒಬ್ಬ ಹಡಗು ವ್ಯಾಪಾರಿಯದು. ವಯಸ್ಸು ಅದೇ, ಎತ್ತರ ಅದೇ, ಗಡ್ಡ ಬೆಳೆಸಿದರೆ ಹತ್ತು ವರ್ಷ ಹಳೆಯ ಫೋಟೊಗೂ ಅವನ ಮುಖಕ್ಕೂ ಇರುವ ವ್ಯತ್ಯಾಸವನ್ನು ಗಡ್ಡವೇ ನುಂಗುತ್ತದೆ. ಅವನು ಕೊಡಲು ಒಪ್ಪಿದ ಎರಡು ಲಕ್ಷ ಡಾಲರಿನಲ್ಲಿ ಮಾಂಟ್ರಿಯಲ್‌ನ ಒಂದು ಕೋಣೆ, ಹೀಟರು, ಉಳಿದ ಆಯಸ್ಸು ಎಲ್ಲ ಬರುತ್ತಿತ್ತು. ಸತ್ತವನಿಗೆ ಏನು ನಷ್ಟ? ಅವನ ಹೆಸರು ಇನ್ನೂ ಹತ್ತು ವರ್ಷ ಓಡಾಡಿಕೊಂಡಿರುತ್ತದೆ.

ಹುಳುಕು ಎಲ್ಲಾದರೂ ಇದೆಯೇ ಎಂದು ಅವನು ಮುನ್ನೂರ ಹನ್ನೆರಡು ಪುಟಗಳ ಕಡತವನ್ನು ಮೂರು ಸಲ ಓದಿದ. ಅಣ್ಣತಮ್ಮಂದಿರಿಲ್ಲ. ಮಕ್ಕಳಿಲ್ಲ. ಪಾಲುದಾರರಿಲ್ಲ. ಹತ್ತು ವರ್ಷದ ಹಿಂದೆ ಆ ಮನುಷ್ಯನ ಹಿನ್ನೆಲೆ ಜಾಲಾಡಿದವರು ಅವನ ಅಜ್ಜನ ಊರನ್ನೂ, ಹಲ್ಲಿನ ವೈದ್ಯನ ಹೆಸರನ್ನೂ ಬರೆದಿಟ್ಟಿದ್ದರು. ಈ ವೃತ್ತಿಯಲ್ಲಿ ಮನುಷ್ಯನೆಂದರೆ ಕಡತ. ಅದರಲ್ಲಿಲ್ಲದ್ದು ಅವನ ಬದುಕಿನಲ್ಲೂ ಇಲ್ಲ. ಮಾ ಅರ್ನೆಸ್ಟೀನ್ ಬಗ್ಗೆ ಅವನು ಅರ್ಧ ನಿಮಿಷ ಯೋಚಿಸಿದ. ಬಾಡಿಗೆ ಕೋಣೆಯ ಮುದುಕಿ. ಮುಂದಿನ ಫೆಬ್ರವರಿಯಲ್ಲಿ, ಈ ವರ್ಷ ಅವರಿಗೆ ಮೈ ಸರಿಯಿಲ್ಲವಂತೆ ಎಂದರೆ ಮುಗಿಯಿತು. ಅಷ್ಟರೊಳಗೆ ತಾನೇ ಇಲ್ಲಿರುವುದಿಲ್ಲ.

ಮಾರ್ಚ್ ಕೊನೆಯಲ್ಲಿ ಊರು ಅವನ ಮೇಲೆ ಇದ್ದಕ್ಕಿದ್ದಂತೆ ಕರುಣೆ ಸುರಿಸತೊಡಗಿತು. ಶನಿವಾರದ ಸಂತೆಯಲ್ಲಿ ಗೆಡ್ಡೆ ಮಾರುವವಳು ಎರಡು ಗೆಡ್ಡೆ ಹೆಚ್ಚು ಹಾಕಿ, "ಇರ್ಲಿ ಬಿಡಿ," ಎಂದು ಕೈ ತಟ್ಟಿದಳು. ಕ್ಷೌರಿಕ ದುಡ್ಡು ತೆಗೆದುಕೊಳ್ಳಲಿಲ್ಲ. ಹನ್ನೊಂದು ವರ್ಷದಿಂದ ಬೇಲಿಯಾಚೆಯಿಂದ ತಲೆಯಾಡಿಸುವುದಷ್ಟೇ ಗೊತ್ತಿದ್ದ ಪಕ್ಕದ ಮನೆಯ ರಾಯೆ ಒಂದು ಪಾತ್ರೆ ಮೀನಿನ ಸಾರು ಹಿಡಿದು ಬಾಗಿಲಿಗೇ ಬಂದ.

"ಒಬ್ರೇ ಕೂತ್ಕೋಬೇಡಿ, ವಕೀಲ್ರೇ. ಬಿಸಿ ಇದೆ, ಕುಡೀರಿ. ಪಾತ್ರೆ ಯಾವಾಗ ಬೇಕಾದ್ರೂ ಕೊಡಿ."

ಫಲಕ ಕಿತ್ತು ಮೂರು ತಿಂಗಳಾದ ಮೇಲೆ ಇವರಿಗೆಲ್ಲ ಈಗ ಜ್ಞಾನೋದಯವಾಯಿತೇ ಎಂದು ಲಾರೋಂಡನಿಗೆ ರೇಗಿತು. ಊರಿಗೆ ಊರೇ ಆ ನಾಲ್ಕು ತೂತುಗಳನ್ನು ಎಣಿಸಿ ಮರುಗುತ್ತಿರುವಂತೆ ಅನಿಸಿತು. ಸಾರನ್ನು ನಿಂತೇ ಕುಡಿದ. ತುಂಬ ರುಚಿಯಾಗಿತ್ತು; ಅದಕ್ಕೆ ಇನ್ನೂ ಸಿಟ್ಟು ಬಂತು. ಪಾತ್ರೆಯನ್ನು ತೊಳೆದು ಬೇಲಿಯ ಮೇಲಿಟ್ಟು ಬಂದ.

ಕೊನೆಗೆ ಕೆಂಡ್ರಿಕ್ಕನೇ ಅವನ ಮೂಲೆಯ ಮೇಜಿನ ಹತ್ತಿರ ಬಂದು, ಎರಡೂ ಕೈಯಿಂದ ಅವನ ಕೈ ಹಿಡಿದುಕೊಂಡ. "ಬೇಕಿದ್ರೆ ಒಂದೆರಡು ವಾರ ರಜ ತಗೊಳ್ಳಿ, ಮಿಸ್ಟರ್ ಲಾರೋಂಡ್. ಎಲ್ಲಿಗಾದ್ರೂ ಹೋಗೋದಿದ್ರೆ ಹೋಗ್ಬನ್ನಿ. ಸಂಬಳ ಹಿಡಿಯಲ್ಲ."

ಡಿಸೆಂಬರ್‌ಗೂ ಮುಂಚೆ ಕಾಲ್ತೆಗೆಯಲಿ ಎಂಬ ಉಪಾಯ ಇದು ಎಂದುಕೊಂಡ ಲಾರೋಂಡ್. ಆದರೂ ರಜ ಅವನಿಗೆ ಬೇಕೇ ಇತ್ತು. ಫೋಟೊದ ಹಿಂದಿನ ಒಕ್ಕಣೆಯನ್ನು ಯಾರೂ ಅಲ್ಲಾಡಿಸಬಾರದು; ಅದಕ್ಕೆ ಅವನು ಹಗೋಪ್ಯಾನನನ್ನು 'ಕಂಡ' ದಿನ, ಊರು, ವಿಮಾನದ ಟಿಕೆಟ್ ಎಲ್ಲ ನಿಜವಾಗಿರಬೇಕು. ಏಪ್ರಿಲ್ ಎರಡನೆಯ ವಾರ ಆಂಟಿಗಾ, ಲಂಡನ್ ದಾಟಿ ಲಿಮಸೋಲ್ ತಲುಪಿದ. ಸಮುದ್ರದ ಬದಿಯ ಹೋಟೆಲಿನಲ್ಲಿ ಹಡಗು ವ್ಯಾಪಾರಿ ಗಡ್ಡ ಸವರಿಕೊಳ್ಳುತ್ತ ಫೋಟೊ, ಸಹಿ, ಮುಂಗಡ ಕೊಟ್ಟ. ಮರಳುವ ದಿನ ಟ್ಯಾಕ್ಸಿ ಅರ್ಮೇನಿಯನ್ನರ ಸ್ಮಶಾನದ ಗೋಡೆಯ ಪಕ್ಕ ಹಾದುಹೋಯಿತು. ನಿಲ್ಲಿಸು ಅನ್ನಲು ಬಾಯಿ ತೆರೆದ. ತಾನು ಯಾರೆಂದು ಹೇಳಿಕೊಂಡು ಅಲ್ಲಿ ನಿಲ್ಲುವುದು? ವಕೀಲನೆಂದೇ? ಬಾಯಿ ಮುಚ್ಚಿಕೊಂಡ.

ಮೇ ತಿಂಗಳ ಎರಡನೆಯ ಮಂಗಳವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಪಾಸ್‌ಪೋರ್ಟ್ ಕಚೇರಿಗೆ ಹೋದ. ಮಂಗಳವಾರವೇ ಯಾಕೆಂದರೆ ಅಂದು ಕೌಂಟರಿನಲ್ಲಿ ಮಿಸ್ ಜೋಸೆಟ್ ಪಾಸ್ಕಲ್ ಇರುತ್ತಾಳೆ. ಇಪ್ಪತ್ತು ವರ್ಷದ ಪರಿಚಯ. ಅವನು ಕೊಟ್ಟ ಅರ್ಜಿಗಳಲ್ಲಿ ಒಂದು ಅಲ್ಪವಿರಾಮವನ್ನೂ ಅವಳು ತಿದ್ದಬೇಕಾಗಿ ಬಂದಿರಲಿಲ್ಲ.

"ಹೇಗಿದ್ದೀರಿ, ವಕೀಲ್ರೇ?" ಎಂದಳು, ಅದೇ ಕರುಣೆಯ ದನಿಯಲ್ಲಿ. "ಲಿಮಸೋಲ್‌ಗೆ ಹೋಗ್ಬಂದ್ರಂತೆ. ಒಳ್ಳೇ ಕೆಲ್ಸ ಮಾಡಿದ್ರಿ."

ಟಿಕೆಟ್ ಮಾಡಿಸಿದವನಿಂದ ಸುದ್ದಿ ಹಬ್ಬಿದೆ, ಒಳ್ಳೆಯದೇ ಆಯಿತು ಎಂದುಕೊಂಡ ಲಾರೋಂಡ್. ಲಕೋಟೆಯನ್ನು ಮುಂದೆ ಸರಿಸಿದ. ಅವಳು ಅರ್ಜಿ ಬಿಡಿಸಿದಳು. ಹೆಸರಿನ ಮೇಲೆ ಅವಳ ಕಣ್ಣು ನಿಂತಿತು. ಫೋಟೊ ಎತ್ತಿ ನೋಡಿದಳು, ತಿರುಗಿಸಿ ಹಿಂದಿನ ಒಕ್ಕಣೆ ಓದಿದಳು, ಮತ್ತೆ ಮೊದಲಿನಿಂದ ಓದಿದಳು.

"ಇದು ನಿಮ್ಮ ಕೈಬರಹವಾ?"

"ನಂದೇ."

"ಇವ್ರನ್ನ ಏಪ್ರಿಲ್ ಹದಿನಾಲ್ಕಕ್ಕೆ ನೀವು ಕಣ್ಣಾರೆ ನೋಡಿದ್ರಿ?"

"ಲಿಮಸೋಲ್‌ನಲ್ಲೇ, ಮಿಸ್ ಜೋಸೆಟ್. ಒಟ್ಟಿಗೆ ಊಟ ಮಾಡಿದ್ವಿ. ಗಡ್ಡ ಬಿಟ್ಟಿದ್ದಾರೆ, ಅಷ್ಟೇ. ಆರೋಗ್ಯವಾಗಿದ್ದಾರೆ." ಮಾತು ನೀರು ಕುಡಿದಷ್ಟು ಸಲೀಸಾಗಿ ಬಂತು. ಇಂಥ ಕಡೆ ಒಂದು ಸಣ್ಣ ವಿವರ ಸೇರಿಸಬೇಕೆಂದು ಅವನಿಗೆ ಗೊತ್ತಿತ್ತು. "ನಿಮ್ಮನ್ನೆಲ್ಲ ಕೇಳಿದ್ರು."

ಜೋಸೆಟ್ ಎದ್ದು ಒಳಗೆ ಹೋದಳು. ಬಾಗಿಲ ಹಿಂದೆ ಮೇಲಧಿಕಾರಿಯ ದನಿ, ಆಮೇಲೆ ಫೋನಿನಲ್ಲಿ ಪೊಲೀಸ್ ಠಾಣೆಯ ಹೆಸರು ಕೇಳಿಸಿತು. ಲಾರೋಂಡ್ ಮನಸ್ಸಿನಲ್ಲೇ ಕಡತದ ಪುಟಗಳನ್ನು ಒಂದೊಂದಾಗಿ ತಿರುವಿದ. ಎಲ್ಲೂ ಏನೂ ತಪ್ಪಿರಲಿಲ್ಲ.

ಮರಳಿ ಬಂದ ಜೋಸೆಟ್‌ಳ ಕಣ್ಣು ಒದ್ದೆಯಾಗಿತ್ತು, ಮುಖದಲ್ಲಿ ಸಿಟ್ಟೂ ಇತ್ತು. "ಮಾರ್ಚ್ ಇಪ್ಪತ್ತಾರರ ಸಂಜೆ ನಿಮ್ಮನೇಲಿ ರೇಡಿಯೊ ಹಾಕಿರ್ಲಿಲ್ವಾ?" ಎಂದು ಕೇಳಿದಳು. "ಮಿಸ್ಟರ್ ಬೆದ್ರೋಸ್ ಪ್ರತಿ ಭಾನುವಾರ ಮಾ ಅರ್ನೆಸ್ಟೀನ್‌ಗೆ ಫೋನ್ ಮಾಡೋರಂತೆ. ಎರಡು ಭಾನುವಾರ ಬರ್ಲಿಲ್ಲ ಅಂತ ಅವ್ಳೇ ಮಾಡಿದ್ಲು, ಅಲ್ಲಿನ ಪಕ್ಕದ ಮನೆಯವ್ರು ವಿಷ್ಯ ಹೇಳಿದ್ರು. ನಮ್ಮೂರಿನವ್ರು ಹೆಸ್ರು ಓದಿಸ್ಕೊಳ್ದೆ ಹೋಗ್ಬಾರ್ದು ಅಂತ ಬಸ್ ಹತ್ತಿ ರೇಡಿಯೊ ಕೇಂದ್ರಕ್ಕೆ ಬಂದು ಬರೆಸಿ ಹೋದ್ಲು. ಇಡೀ ದ್ವೀಪ ಕೇಳ್ತು, ವಕೀಲ್ರೇ. ಅದಕ್ಕೇ ನಿಮ್ಮನ್ನ ಕಂಡು ಎಲ್ರಿಗೂ ಸಂಕ್ಟ. ನೀವು ಸಮಾಧಿಗೆ ಹೂ ಇಡೋಕೇ ಹೋಗಿದ್ರಿ ಅಂದ್ಕೊಂಡಿದ್ವಿ." ಅವಳು ಫೋಟೊವನ್ನು ಬೋರಲು ಮಾಡಿ ಮೇಜಿನ ಮೇಲಿಟ್ಟಳು. "ಲಿಮಸೋಲ್ ಮತ್ತು ಸ್ಕಾಟ್ಸ್ ಹೆಡ್‌ನ ಬೆದ್ರೋಸ್ ಹಗೋಪ್ಯಾನ್ ಅಂತ ಓದಿದ್ರು. ದುಃಖದಲ್ಲಿರೋರು ಅಂತ ಒಂದೇ ಹೆಸ್ರಿತ್ತು. ತಮ್ಮನಂಥ ಗೆಳೆಯ, ರೋಸೋದ ವಕೀಲ ಹಿಲ್ರಾಯ್ ಲಾರೋಂಡ್. ನಿಮ್ಮ ಹೆಸ್ರು ಹೇಳಿ ಒಂದು ಕ್ಷಣ ತಡೆದ್ರು, ಆಮೇಲೆ ಮುಂದಿನ ಸುದ್ದಿಗೆ ಹೋದ್ರು."