ಕಾರವಾರಕ್ಕೆ ಹೋಗದ ಬೋಟು

"ಮೀನು ಎಂತದ್ದೂ ಇಲ್ಲ ಈಗ," ತಲೆ ಎತ್ತದೆ ಹೇಳಿದ ಪೂವಪ್ಪ. ದಕ್ಕೆಯಲ್ಲಿ ಕಟ್ಟಿದ್ದ ತನ್ನ ಬೋಟಿನಲ್ಲಿ ಕೂತು ಬಲೆ ಸರಿಮಾಡುತ್ತಿದ್ದ.

"ಮೀನಿಗೆ ಬಂದದ್ದಲ್ಲ ಮಾರಾಯ. ನನ್ನನ್ನು ಕಾರವಾರಕ್ಕೆ ಬಿಡ್ತೀಯಾ?"

ಆ ಸ್ವರ ಕೇಳಿ ಅವನ ಕೈ ನಿಂತಿತು. ಶಶಿಪ್ರಭಾ! ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಮುಖ ಬಾಡಿತ್ತು. ಕಣ್ಣು ಮಾತ್ರ ಹೈಸ್ಕೂಲಿನಲ್ಲಿ ಮುಂದಿನ ಬೆಂಚಿನಿಂದ ತಿರುಗಿ ಅವನನ್ನು ಕೆಣಕುತ್ತಿದ್ದ ಅದೇ ಕಣ್ಣು.

ಆ ಮುಖವನ್ನು ಅವನು ಬೆಳಿಗ್ಗೆಯಷ್ಟೇ ಪೇಪರಿನಲ್ಲಿ ನೋಡಿದ್ದ. ಬೊಂಬಾಯಿಯ ಬ್ಯಾಂಕೊಂದರ ಟೆಲೆಕ್ಸ್ ಆಪರೇಟರ್. ಹಣ ಕೊಡಿ ಎಂದು ಯಂತ್ರದಲ್ಲಿ ಸುಳ್ಳು ಟೆಲೆಕ್ಸ್ ಸಂದೇಶ ಕಳಿಸಿ ಊರೂರ ಬ್ರಾಂಚುಗಳಿಂದ ಹಣ ಎಗರಿಸಿದ ಗ್ಯಾಂಗಿನವಳು. ಪೊಲೀಸರು ಹುಡುಕುತ್ತಿದ್ದರು.

"ಹತ್ತು," ಎಂದ. ಬೇರೇನೂ ಕೇಳಲಿಲ್ಲ.

ಹಗ್ಗ ಬಿಚ್ಚುವಾಗಲೇ ಜೀಪು ಬಂತು. ಅವಳು ಕ್ಯಾಬಿನ್ನಿನ ನೆಲಕ್ಕೆ ಕುಸಿದಳು. ಪೂವಪ್ಪ ಬಲೆಯ ರಾಶಿಯನ್ನು ಅವಳ ಮೇಲೆ ಎಳೆದ.

"ಒಬ್ಬನೇ ಎಲ್ಲಿಗೆ?" ಕಾನ್‌ಸ್ಟೇಬಲ್ ಕೇಳಿದ.

"ಇಂಜಿನ್ ರಿಪೇರಿ ಆಯ್ತು. ಒಂದು ರೌಂಡ್ ಹೋಗಿ ನೋಡ್ತೇನೆ."

ಕಾನ್‌ಸ್ಟೇಬಲ್ ಬೋಟಿನ ಅಂಚಿಗೆ ಕಾಲಿಟ್ಟು ಒಳಗೆ ಇಣುಕಿದ. ಬಲೆ ಅಲುಗಿದಂತಾಯಿತು. ಕೊಳೆತ ಮೀನಿನ ನಾತಕ್ಕೆ ಮೂಗು ಮುಚ್ಚಿಕೊಂಡ ಕಾನ್‌ಸ್ಟೇಬಲ್, ಹಿಂದೆ ಸರಿದ.

ಅಳಿವೆ ದಾಟಿ ಕಡಲಿಗೆ ಬಿದ್ದ ಮೇಲೆ ಅವಳು ಹೊರಗೆ ಬಂದಳು. ಕೂದಲಲ್ಲಿ ಮೀನಿನ ಹುರುಪೆ ಹೊಳೆಯುತ್ತಿತ್ತು. ತೆಗೆಯಲು ಕೈ ಚಾಚಿದವನು ಅರ್ಧಕ್ಕೇ ನಿಲ್ಲಿಸಿದ.

"ತೆಗಿ. ಈಗಲೂ ಹೆದರಿಕೆಯಾ?"

"ನೀನು ಗುತ್ತಿನ ದೊಡ್ಡ ಮನೆಯವಳು. ನಾನು ಬೋಟಿನವ."

"ಈಗ ನಾನು ಕಳ್ಳಿ." ನಗಲು ಹೋದಳು, ಆಗಲಿಲ್ಲ. "ಮದುವೆಯಾಗ್ತೇನೆ ಅಂದವ ಟೆಲೆಕ್ಸಿನ ಗುಟ್ಟು ನಂಬರು ಕೇಳಿದ, ಅದಿದ್ದರೆ ಮಾತ್ರ ಬ್ರಾಂಚಿನವರು ನಂಬುವುದು. ಕೊಟ್ಟೆ. ಎಂತಕ್ಕೆ ಅಂತ ಗೊತ್ತಾದ ಮೇಲೂ ಕೊಟ್ಟೆ, ಪೂವಪ್ಪ. ಮೊದಲು ಓಡಿದ್ದು ಅವನೇ."

ಸ್ವಲ್ಪ ಹೊತ್ತಿಗೆ ಅವಳ ಕೈ ಅವನ ಕೈಮೇಲೆ ಬಂತು. "ನೀನೂ ಬಾ. ಕಾರವಾರದಿಂದ ಗೋವಾಕ್ಕೆ ಹೋಗುವ. ಅಲ್ಲಿ ನಮ್ಮನ್ನು ಯಾರೂ ಕೇಳುವುದಿಲ್ಲ."

ಈ ಮಾತಿಗಾಗಿ ಅವನು ಎಷ್ಟು ವರ್ಷ ಕಾದಿದ್ದ! ಆದರೆ ಪೇಪರಿನಲ್ಲಿ ಇನ್ನೊಂದು ಸುದ್ದಿಯೂ ಇತ್ತು. ಹೇಳದಿದ್ದರೆ ಇವಳು ತನ್ನವಳು.

"ಶಶೀ, ಆರ್ಥರ್ ಅಂದರೆ ಯಾರು?"

"ನಮ್ಮ ಆಫೀಸರ್. ನನಗೆ ಕೆಲಸ ಕಲಿಸಿದವರು. ಯಾಕೆ?"

"ನಂಬರು ಕೊಟ್ಟದ್ದು ಅವರು ಅಂತ ಅರೆಸ್ಟ್ ಮಾಡಿದ್ದಾರೆ."

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಯಾಕೆ ಹೇಳಿದೆ ನೀನು?"

"ಹೇಳದೆ ನಿನ್ನ ಜೊತೆ ಬದುಕ್ಲಿಕ್ಕೆ ಆಗ್ತಿರಲಿಲ್ಲ."

ಸುರತ್ಕಲ್ಲಿನ ಲೈಟ್‌ಹೌಸ್ ಹತ್ತಿರವಾಯಿತು, ಹಿಂದೆ ಸರಿಯಿತು.

"ತಿರುಗಿಸು," ಎಂದಳು.

"ಜೈಲು, ಶಶೀ."

"ಗೊತ್ತುಂಟು. ನನ್ನ ಮನಸ್ಸು ಬದಲಾಗುವ ಮೊದಲು ತಿರುಗಿಸು."

ಅವನು ಚುಕ್ಕಾಣಿ ತಿರುಗಿಸಿದ. "ನನಗೆ ನಿನ್ನ ಮೇಲೆ ಪ್ರೀತಿ ಉಂಟು. ಹೈಸ್ಕೂಲಿನಿಂದಲೂ."

"ಈಗಲಾ ಹೇಳುವುದು, ಮಾರಾಯಾ!" ಅಳುತ್ತಲೇ ನಕ್ಕು ಅವನ ಭುಜಕ್ಕೆ ತಲೆಯಿಟ್ಟಳು.

ಅವಳು ಸ್ಟೇಷನ್ನಿಗೆ ಹೋಗಿ ಎಲ್ಲವನ್ನೂ ಹೇಳಿದಳು. ಆರ್ಥರ್ ಹೊರಬಂದರು, ಗ್ಯಾಂಗು ಸಿಕ್ಕಿತು, ಅವಳಿಗೂ ಬೊಂಬಾಯಿಯಲ್ಲಿ ಜೈಲಾಯಿತು. ಪೂವಪ್ಪ ಬಿಡುವಾದಾಗಲೆಲ್ಲ ಬೊಂಬಾಯಿಯ ಬಸ್ಸು ಹತ್ತುತ್ತಿದ್ದ.

"ಬೇರೆ ಮದುವೆಯಾಗು," ಎಂದಳು ಒಂದು ಸಲ, ಸರಳುಗಳ ಆಚೆಯಿಂದ.

"ನಿನ್ನನ್ನೇ ಆಗುವುದು ಅಂತ ಅಮ್ಮನಿಗೆ ಹೇಳಿ ಆಯ್ತು."

"ಎಂತ ಅಂದರು?"

"ತುಂಬ ಬೈದರು. ಈ ಸಲ ಹೊರಡುವಾಗ ನಿನಗೆ ಅಂತ ಮಲ್ಲಿಗೆ ಕಟ್ಟಿಕೊಟ್ಟರು. ಗೇಟಿನಲ್ಲಿ ಪೊಲೀಸರು ತೆಗೆದಿಟ್ಟುಕೊಂಡರು, ಒಳಗೆ ಬಿಡಲಿಲ್ಲ."

ಶಶಿಪ್ರಭಾ ಸರಳಿಗೆ ಹತ್ತಿರ ಸರಿದಳು. "ಕೈ ಕೊಡು," ಎಂದಳು.

ಅವನು ಸರಳುಗಳ ನಡುವೆ ಬೆರಳು ತೂರಿಸಿದ. ದಾರಿಯುದ್ದಕ್ಕೂ ಹೂ ಹಿಡಿದುಕೊಂಡೇ ಬಂದ ಬೆರಳು. ಅವಳು ಕಣ್ಣು ಮುಚ್ಚಿ ಅದನ್ನು ಮೂಗಿಗೊತ್ತಿಕೊಂಡಳು.