ಕನ್ನಡಿಯ ಕೊಕ್ಕೆಗೆ ಮೂವತ್ತೊಂದನೇ ಟೋಕನ್

ಹಿತೇಶನನ್ನು ನಾನು ಮೊದಲ ದಿನವೇ ಬೈದಿದ್ದೆ. ಅದೂ ಕನ್ನಡದಲ್ಲಿ, ಅವನಿಗೆ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ.

ವಿಮಾನ ನಿಲ್ದಾಣದ ಹಿಂಬದಿಯ ಹ್ಯಾಂಗರಿನಲ್ಲಿ ನಾವು ಆರು ಜನ ಅಪ್ರೆಂಟಿಸ್‌ಗಳು. ವಿಮಾನ ರಿಪೇರಿ ಕಲಿಯಲು ಒಂದು ವರ್ಷ. ಮೊದಲ ಬೆಳಿಗ್ಗೆ ಟೂಲ್ ಕೌಂಟರಿಗೆ ಹೋಗಿ ಒಂದು ಸ್ಕ್ರೂಡ್ರೈವರ್ ಎತ್ತಿಕೊಂಡು ಹೊರಟೆ. ಹಿಂದಿನಿಂದ ದನಿ ಬಂತು.

"ಮೇಡಂ, ಟೋಕನ್?"

ತಿರುಗಿ ನೋಡಿದರೆ ಕೌಂಟರಿನ ಆಚೆ ಉದ್ದನೆಯ ಹುಡುಗ. ಅವನೂ ಅಪ್ರೆಂಟಿಸ್ಸೇ, ಆ ವಾರ ಕೌಂಟರ್ ಅವನ ಪಾಲಿಗೆ ಬಂದಿತ್ತು. ನಮಗೆಲ್ಲ ತಲಾ ಐದು ಹಿತ್ತಾಳೆ ಟೋಕನ್ ಕೊಟ್ಟಿದ್ದರು, ಮೇಲೆ ನಮ್ಮ ನಂಬರ್. ನನ್ನದು ಮೂವತ್ತೊಂದು. ಯಾವ ಟೂಲ್ ತೆಗೆದರೂ ಅದರ ಕೊಕ್ಕೆಗೆ ನಮ್ಮ ಟೋಕನ್ ತೂಗುಹಾಕಬೇಕು. ಟೂಲ್ ವಾಪಸ್ ಬಂದರೆ ಟೋಕನ್ ವಾಪಸ್. ಒಂದೇ ಒಂದು ಕೊಕ್ಕೆಯಲ್ಲಿ ಟೋಕನ್ ಉಳಿದರೂ ವಿಮಾನ ಹ್ಯಾಂಗರಿನಿಂದ ಕದಲುವಂತಿಲ್ಲ.

"ಒಂದ್ ಸ್ಕ್ರೂಡ್ರೈವರ್‌ಗೆ ಎಷ್ಟ್ ಸಾಹೇಬಕಿ ಮಾಡ್ತದ ನೋಡ, ಈ ಬಿದಿರಿನ ಗಳ," ಎಂದು ಗೊಣಗುತ್ತ ಟೋಕನ್ ಹಾಕಿದೆ.

ಅವನು ರಿಜಿಸ್ಟರಿನಿಂದ ತಲೆ ಎತ್ತಲಿಲ್ಲ. "ನಂಗೆ ಕನ್ನಡ ಸ್ವಲ್ಪ ಬರ್ತದೆ ಮೇಡಂ. ಮಾತಾಡ್ಲಿಕ್ಕೆ ಕಷ್ಟ. ಬೈದದ್ದು ಮಾತ್ರ ಪೂರ್ತಿ ಅರ್ಥ ಆಗ್ತದೆ."

ಆಗ ತಲೆ ಎತ್ತಿ ನೋಡಿದ. ಸಿಟ್ಟಿಲ್ಲ, ನಗುವೂ ಇಲ್ಲ. ಎಡಗಣ್ಣಿನ ತುದಿ ಮಾತ್ರ ಚೂರು ಕಿರಿದಾಯಿತು. ನಗುವನ್ನು ಅವನು ಅಲ್ಲೇ ಇಟ್ಟುಕೊಂಡಿರುತ್ತಾನೆ ಎಂದು ನನಗೆ ಗೊತ್ತಾಗಲು ಇನ್ನೂ ಎರಡು ತಿಂಗಳು ಬೇಕಾಯಿತು.

ಹಿತೇಶ್ ಇದೇ ಮಹಾನಗರದ ಭಾಂಡುಪಿನವನು. ಅಪ್ಪ ಉಡುಪಿ ಕಡೆಯಿಂದ ಬಂದು ಅಲ್ಲೇ ಒಂದು ಹೋಟೆಲಿನಲ್ಲಿ ಅಡುಗೆಗಿದ್ದಾರೆ. ಮನೆಯಲ್ಲಿ ತುಳು, ಬಿಲ್ಡಿಂಗಿನಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ. ಕನ್ನಡ ಪಾಪ ಎಲ್ಲೋ ಮೂಲೆಯಲ್ಲಿ ಕೂತಿತ್ತು. ನಾನು ದಹಿಸರಿನವಳು. ನನ್ನಪ್ಪ ಮುರಿಗೆಪ್ಪ ವಿಜಯಪುರದಿಂದ ಬಂದು ಟ್ರಾನ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ಕ್ಲಾರ್ಕ್ ಆದವರು. ನಮ್ಮ ಮನೆಯಲ್ಲಿ ಕನ್ನಡಕ್ಕೆ ಬರವಿಲ್ಲ, ಸದ್ದಿಗಂತೂ ಇಲ್ಲವೇ ಇಲ್ಲ.

ನನ್ನದು ಅವಸರದ ಜೀವ. ಹತ್ತು ನಿಮಿಷದ ಕೆಲಸವನ್ನು ಆರರಲ್ಲಿ ಮುಗಿಸಿ ಮುಂದೇನು ಎಂದು ನಿಲ್ಲುವವಳು. ಅವನು ಅದನ್ನೇ ಹದಿನೈದು ನಿಮಿಷ ಮಾಡುತ್ತಿದ್ದ. ಬೋಲ್ಟ್ ಸಡಿಲವಾಗದಂತೆ ಅದಕ್ಕೆ ಸಣ್ಣ ತಂತಿ ಹೊಸೆದು ಬಿಗಿಯುವ ಕೆಲಸವೊಂದಿದೆ. ನಾನು ಹೊಸೆದರೆ ನಮ್ಮಜ್ಜಿಯ ಹತ್ತಿ ಬತ್ತಿ. ಅವನು ಹೊಸೆದರೆ ಪ್ರತಿ ಸುತ್ತೂ ಒಂದೇ ಅಳತೆ. ಆ ಬೆರಳುಗಳನ್ನು ನೋಡುತ್ತ ಒಂದು ದಿನ ನನ್ನ ಚಹಾ ಆರಿ ತಣ್ಣಗಾಯಿತು, ನಾನದನ್ನು ಹಾಗೇ ಕುಡಿದೆ.

ಸಂಜೆ ಟೂಲ್‌ಗಳನ್ನು ಅವನು ಮೂರು ಸಲ ಎಣಿಸುತ್ತಿದ್ದ, ತುಳುವಿನಲ್ಲಿ. ಒಂಜಿ, ರಡ್ಡ್, ಮೂಜಿ, ನಾಲ್...

"ಒಮ್ಮೆ ಎಣಿಸಿದ್ರ ಸಾಲ್ದೇನ್ರಿ? ಇದೇನ್ ಜಪಮಾಲಿ ಏನು?" ಎಂದು ಕಾಡುತ್ತಿದ್ದೆ.

"ಮೇಲೆ ನೂರಾ ಎಂಬತ್ತು ಜನ ಕೂತ್ಕೊಳ್ತಾರೆ ಮಾರಾಯ್ತಿ. ಅವ್ರು ಯಾರೂ ಎಣಿಸೋದಿಲ್ಲ. ನಾವೇ ಎಣಿಸ್ಬೇಕು."

ಅವನು ಹಾಗೆಂದ ದಿನ ಸಂಜೆ ಏರ್‌ಪೋರ್ಟ್ ರೋಡ್ ಮೆಟ್ರೋದಲ್ಲಿ ನಾನು ಅಂಧೇರಿ ಕಡೆಯ ಪ್ಲಾಟ್‌ಫಾರ್ಮಿನಲ್ಲಿ, ಅವನು ಎದುರಿಗೆ ಘಾಟ್ಕೋಪರ್ ಕಡೆಯದರಲ್ಲಿ. ನಡುವೆ ಹಳಿ. ಹುಡುಗರನ್ನು ಅವರ ರೂಪಕ್ಕೆ ಮೆಚ್ಚುವವರನ್ನು ಕಂಡಿದ್ದೇನೆ, ಬೈಕಿಗೆ ಮೆಚ್ಚುವವರನ್ನೂ. ನಾನು ಮಾತ್ರ ಒಬ್ಬನನ್ನು ಅವನ ಎಣಿಕೆಗೆ ಮೆಚ್ಚಿಬಿಟ್ಟಿದ್ದೆ. ಯಾರಿಗೆ ಹೇಳಲಿ?

ಹೇಳಲಾಗದ್ದನ್ನು ಕಣ್ಣು ಮಾಡುತ್ತಿತ್ತು. ಎಂಜಿನ್ನಿನ ಸಂದಿಗೊಂದಿ ನೋಡಲು ನಮಗೊಂದು ಪುಟ್ಟ ಕನ್ನಡಿ ಇರುತ್ತದೆ, ಉದ್ದ ಕಡ್ಡಿಯ ತುದಿಗೆ ರೂಪಾಯಿಗಿಂತ ಸ್ವಲ್ಪ ದೊಡ್ಡದು. ಅದನ್ನು ಹೆಗಲ ಮೇಲಿಂದ ಓರೆ ಮಾಡಿದರೆ ಬೆನ್ನ ಹಿಂದಿನ ಕೌಂಟರ್ ಕಾಣುತ್ತದೆ ಎಂಬುದು ನನ್ನದೇ ಸಂಶೋಧನೆ.

ವರ್ಷ ಮುಗಿಯಲು ಒಂದು ವಾರವಿತ್ತು. ಆರು ಜನರಲ್ಲಿ ಇಬ್ಬರಿಗೆ ಕೆಲಸ, ಸೋಮವಾರ ಪಟ್ಟಿ. ನನ್ನ ಹೆಸರಿದೆ ಎಂದು ಎಲ್ಲರೂ ಹೇಳುತ್ತಿದ್ದರು. ಅಪ್ಪ ಆಗಲೇ ಊರಿಗೆ ಫೋನ್ ಮಾಡಿ, "ನಮ್ಮ ಮಾಧುರಿ ವಿಮಾನ ರಿಪೇರಿ ಮಾಡ್ತಾಳ," ಎಂದು ಸಾರಿಬಿಟ್ಟಿದ್ದರು.

ಆ ಗುರುವಾರ ನನಗೆ ಬಲ ಎಂಜಿನ್ನಿನಲ್ಲಿ ಕೊಳವೆ ಹಿಡಿದಿಡುವ ಒಂದು ಕ್ಲಾಂಪ್ ಪರೀಕ್ಷಿಸುವ ಕೆಲಸ. ಕನ್ನಡಿ ತೆಗೆದು ಕೊಕ್ಕೆಗೆ ಟೋಕನ್ ಹಾಕಿದೆ. ಕೌಂಟರಿನಲ್ಲಿ ಅಂದು ಹಿತೇಶ್.

"ಕನ್ನಡಿ ಜಾಗ್ರತೆ," ಎಂದ.

"ಯಾಕ, ನನ್ನ ಮಾರಿ ನೋಡಿ ಒಡೀತದೇನು?"

"ಇಲ್ಲ. ಅದಕ್ಕೆ ಖುಷಿ ಆಗ್ತದೆ. ವಾಪಸ್ ಬರ್ಲಿಕ್ಕಿಲ್ಲ."

ಇಷ್ಟು ಹೇಳುವಷ್ಟರಲ್ಲಿ ಅವನ ಕಿವಿ ಕೆಂಪಾಯಿತು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಮೂರೂವರೆಗೆ ಟೂಲ್ ವಾಪಸ್ ಕೊಡುವ ಹೊತ್ತು. ನಾಲ್ಕಕ್ಕೆ ವಿಮಾನ ಹೊರಗೆ ಹೋಗಬೇಕು. ನನ್ನ ಪೆಟ್ಟಿಗೆ ತೆರೆದೆ. ಕನ್ನಡಿ ಇಲ್ಲ. ಜೇಬಿನಲ್ಲಿಲ್ಲ. ಬಲ ಎಂಜಿನ್ನಿನ ಏಣಿಯ ಬಳಿ ಓಡಿದೆ, ಅಲ್ಲೂ ಇಲ್ಲ.

ಕೌಂಟರಿಗೆ ಬಂದಾಗ ನನ್ನ ಮುಖ ನೋಡಿಯೇ ಹಿತೇಶನಿಗೆ ಗೊತ್ತಾಯಿತು. ಕನ್ನಡಿಯ ಕೊಕ್ಕೆಯಿಂದ ನನ್ನ ಟೋಕನ್ ತೆಗೆದ. ಜೇಬಿನಿಂದ ತನ್ನ ನಂಬರಿನ ಟೋಕನ್, ನಲವತ್ತೇಳನ್ನು ತೆಗೆದು ಅಲ್ಲಿ ಹಾಕಿದ.

"ಏನ್ ಮಾಡಾಕತ್ತೀರಿ?"

"ನಾನು ತೆಗೊಂಡೆ, ನಾನು ಕಳೆದೆ. ಬೆಳಿಗ್ಗೆ ನಾನು ಚಕ್ರದ ಹತ್ರ ಕೆಲ್ಸ ಮಾಡಿದ್ದೆ. ಸರ್‌ಗೆ ನಾನೇ ಹೇಳ್ತೇನೆ." ಅವನು ರಿಜಿಸ್ಟರ್ ತನ್ನತ್ತ ಎಳೆದುಕೊಂಡ. "ಸೋಮವಾರ ಪಟ್ಟಿ ಅಲ್ವಾ. ನಿನ್ನ ಹೆಸರು ಇರ್ಬೇಕು."

ಮೊದಲ ಸಲ ನನ್ನನ್ನು ನೀನು ಎಂದಿದ್ದ. ಬೇರೆ ದಿನವಾಗಿದ್ದರೆ ಅಲ್ಲೇ ಕುಣಿದುಬಿಡುತ್ತಿದ್ದೆ.

"ಹುಚ್ಚ ಹಿಡೀತೇನು ನಿನಗ?" ಎಂದೆ. ನನ್ನ ಕಣ್ಣು ತುಂಬಿತ್ತು. "ನಿನ್ನ ಟೋಕನ್ ನೋಡಿದ್ರ ಎಲ್ಲಾರೂ ಚಕ್ರದ ಕಡೆ ಹುಡುಕ್ತಾರ. ಕನ್ನಡಿ ಬಿದ್ದದ್ದು ನಾ ಕೆಲಸ ಮಾಡಿದ ಕಡೆ. ಸಿಗಲಿಲ್ಲಂದ್ರ? ನೂರಾ ಎಂಬತ್ತು ಮಂದಿ, ಯಾರು ಹೇಳಿದ್ದು ನನಗ?"

ಅವನ ಮುಖ ಬಿಳಿಚಿತು. ಕಳೆದದ್ದು ನನ್ನ ಕನ್ನಡಿಯಾದರೂ ಎಣಿಕೆ ತಪ್ಪಿದ್ದು ಅವನದು, ಅದೂ ನನಗಾಗಿ. ನಾನೇ ನಲವತ್ತೇಳನ್ನು ತೆಗೆದು ಮೂವತ್ತೊಂದನ್ನು ಮತ್ತೆ ಹಾಕಿದೆ. "ನಾ ಮೆಚ್ಚಿದ್ದು ನಿನ್ನ ಎಣಿಕಿಗೆ, ಹಿತೇಶ್. ಅದನ್ನ ನನ್ನ ಸಲುವಾಗಿ ಕೆಡಸಬ್ಯಾಡ," ಎಂದು ಹೇಳಿ ಅಣವೀರಪ್ಪ ಸರ್ ಕಡೆ ಓಡಿದೆ.

ಅಣವೀರಪ್ಪ ಸರ್ ನಮ್ಮ ಸೂಪರ್‌ವೈಸರ್, ಬೆಳಗಾವಿಯವರು. ಮೂವತ್ತು ವರ್ಷ ವಿಮಾನದ ಹೊಟ್ಟೆಯ ಕೆಳಗೇ ಕಳೆದವರು. ಕೇಳಿ ಬೈಯಲಿಲ್ಲ. ವಿಮಾನ ನಿಲ್ಲಿಸಲು ಹೇಳಿ ನನ್ನತ್ತ ತಿರುಗಿದರು.

"ಕಡೀಕ ಎಲ್ಲಿ ಉಪಯೋಗಿಸಿದಿ?"

"ಬಲ ಎಂಜಿನ್ ಸರ್. ಕ್ಲಾಂಪ್ ನೋಡಾಕ."

ಹ್ಯಾಂಗರಿನಲ್ಲಿದ್ದವರೆಲ್ಲ ಬಲಗಡೆ ಮುತ್ತಿದರು. ಇಪ್ಪತ್ತು ನಿಮಿಷ ಕಳೆಯಿತು, ಅರ್ಧ ಗಂಟೆಯಾಯಿತು. ನಾನು ಮಂಡಿಯೂರಿ ನೆಲ ನೋಡುತ್ತಿದ್ದೆ. ಆದರೆ ಮನಸ್ಸು ಬೇರೆಲ್ಲೋ ನಿಂತಿತ್ತು. ನಾನು ಹೇಳಿದ್ದು ಪೂರ್ತಿ ನಿಜವಾಗಿರಲಿಲ್ಲ. ಕ್ಲಾಂಪ್ ನೋಡಿ ಮುಗಿದ ಮೇಲೆ ನಮ್ಮ ಜೊತೆಯ ಅಪ್ರೆಂಟಿಸ್ ಅಮೋಲ್ ಎಡ ಎಂಜಿನ್ನಿನ ಬಳಿ ಟಾರ್ಚ್ ಹಿಡಿಯಲು ಕರೆದಿದ್ದ. ಏಣಿ ಹತ್ತಿ ಒಂದು ಕೈಯಲ್ಲಿ ಟಾರ್ಚ್ ಹಿಡಿದೆ. ಇನ್ನೊಂದು ಕೈಯಲ್ಲಿ ಕನ್ನಡಿ ಇತ್ತು. ಬೆನ್ನ ಹಿಂದೆ ಕೌಂಟರ್ ಇತ್ತು. ಉಳಿದದ್ದು ಊಹಿಸಿಕೊಳ್ಳಬಹುದು.

ಅದನ್ನು ಈ ಮೂವತ್ತು ಗಂಡಸರ ಮುಂದೆ ಹೇಗೆ ಹೇಳಲಿ? ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪ. ಹೆಣ್ಣುಮಗಳು ಹ್ಯಾಂಗರಿಗೆ ಬಂದದ್ದೇ ಇದಕ್ಕೆ ಎನ್ನುತ್ತಾರೆ. ಪಟ್ಟಿಯಂತೂ ಹೋಯಿತು. ಎದುರಿಗೆ ವಿಮಾನದ ಸಾಲು ಕಿಟಕಿಗಳು ಕಂಡವು. ಆ ಕಿಟಕಿಗಳ ಪಕ್ಕ ಕೂರುವ ಯಾರೂ ಎಣಿಸುವುದಿಲ್ಲ.

ಎದ್ದು ನಿಂತೆ. "ಸರ್, ನಾ ಪೂರ್ತಿ ಹೇಳಲಿಲ್ಲ. ಕಡೀಕ ಇದ್ದದ್ದು ಎಡ ಎಂಜಿನ್ ಹತ್ರ. ಅಮೋಲ್‌ಗೆ ಟಾರ್ಚ್ ಹಿಡಿದಿದ್ದೆ."

"ಟಾರ್ಚ್ ಹಿಡಿಯಾಕ ಕನ್ನಡಿ ಯಾಕ ಬೇಕಾತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡಂತೆ ನನ್ನ ಕೈ ಹೆಗಲಿಗೆ ಹೋಯಿತು.

"ಹಿತೇಶನ್ನ ನೋಡಾಕ ಸರ್. ಹೆಗಲ ಮ್ಯಾಲಿಂದ."

ಯಾರೋ ಕಿಸಕ್ಕೆಂದರು. ಅಣವೀರಪ್ಪ ಸರ್ ಅತ್ತ ನೋಡಿದ್ದೇ ತಡ, ಕಿಸಕ್ಕೆಂದದ್ದು ಗಂಟಲಲ್ಲೇ ಸತ್ತಿತು. ಆಗ ಹಿಂದಿನಿಂದ ಹಿತೇಶನ ದನಿ.

"ಸರ್, ಆಗ ನಾನೂ ನೋಡ್ತಾ ಇದ್ದೆ." ಮುಂದೆ ಬಂದು ನಿಂತ. "ಕನ್ನಡಿಯಲ್ಲಿ ಅವ್ಳಿಗೆ ನಾನು ಕಂಡ್ರೆ, ನಂಗೂ ಅವ್ಳು ಕಾಣ್ತಾಳಲ್ಲ. ಕಣ್ಣು ಕಾಣ್ತಿತ್ತು. ಅಮೋಲ್ ಏನೋ ಕೇಳಿದ, ಅವ್ಳು ಕನ್ನಡಿ ಕೆಳಗೆ ಇಟ್ಳು. ಏಣಿಯ ಎರಡನೇ ಮೆಟ್ಟಿಲಿನ ಎತ್ತರಕ್ಕೆ, ಎಂಜಿನ್ ಒಳಬದಿ. ಆಮೇಲೆ ಎತ್ಕೊಂಡು ಬಲಗಡೆಗೇ ಹೋದ್ಳು ಅಂದ್ಕೊಂಡಿದ್ದೆ. ಟೋಕನ್ ಬದಲು ಮಾಡ್ಲಿಕ್ಕೆ ಹೋದದ್ದೂ ನಾನೇ ಸರ್. ಅದನ್ನೂ ಬರ್ಕೊಳ್ಳಿ."

ಎಡ ಎಂಜಿನ್ನಿನ ಹೊದಿಕೆ ಆಗಲೇ ಮುಚ್ಚಿ ಬಿಗಿದಾಗಿತ್ತು. ಮತ್ತೆ ತೆರೆದರು. ಎರಡನೇ ಮೆಟ್ಟಿಲಿನ ಎತ್ತರಕ್ಕೆ, ಒಳಬದಿಯ ಅಂಚಿನಲ್ಲಿ, ಕನ್ನಡಿ ಮಲಗಿತ್ತು. ಎಂಜಿನ್ ಶುರುವಾಗಿದ್ದರೆ ಏನಾಗುತ್ತಿತ್ತೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಿಸಕ್ಕೆಂದವನೂ ಬೆವರು ಒರೆಸಿಕೊಂಡ.

ಅಣವೀರಪ್ಪ ಸರ್ ವರದಿಯ ಹಾಳೆ ನನ್ನ ಮುಂದಿಟ್ಟರು. "ಖರೇನ ಬರಿ. ಏನ್ ನೋಡಾಕ ಅನ್ನೋದೂ ಬರಿ." ಬರೆದೆ. ಕೆಳಗೆ ನನ್ನ ಸಹಿ, ಅದರ ಪಕ್ಕ ಕೌಂಟರಿನವನ ಸಹಿ. ಕಂಪನಿಯ ಕಾಗದದ ಮೇಲೆ ನಮ್ಮಿಬ್ಬರ ಹೆಸರು ಹೀಗೆ ಜೊತೆಯಾಗಿ ಬರುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಸೋಮವಾರದ ಪಟ್ಟಿಯಲ್ಲಿ ನಾವಿಬ್ಬರೂ ಇರಲಿಲ್ಲ. ಇನ್ನೂ ಆರು ತಿಂಗಳು ಟ್ರೇನಿಂಗ್ ಎಂದರು.

"ಮುಂದಿನ ಪಟ್ಟಿಗೆ ನಿಮ್ಮಿಬ್ಬರ ಹೆಸರು ನಾನ ಕಳಸ್ತೀನಿ," ಎಂದರು ಅಣವೀರಪ್ಪ ಸರ್. "ತಪ್ಪ ಒಪ್ಪಿಕೊಂಡವರನ್ನ ಮನೀಗೆ ಕಳಿಸಿದ್ರ ಹ್ಯಾಂಗರಿನಾಗ ಸುಳ್ಳ ಹೇಳೋರಷ್ಟ ಉಳೀತಾರ. ಮಾಧುರಿ, ಒಂದ್ ತಿಂಗಳು ಕೌಂಟರ್ ನಿನ್ನದವ್ವಾ. ಹಿತೇಶ ಆ ಕಡೆ ಹಾಯಬಾರದು, ಟೂಲ್ ತಗೊಳ್ಳಾಕ ಬಿಟ್ಟು."

ದುಃಖವಾಗಿತ್ತು, ಸುಳ್ಳೇಕೆ ಹೇಳಲಿ. ಅಪ್ಪನಿಗೆ ಹೇಳುವಾಗ ಅತ್ತೆ. ಆದರೆ ಆ ತಿಂಗಳು ಹಿತೇಶನಿಗೆ ಟೂಲ್ ಬೇಕಾದಷ್ಟು ಸಲ ಹ್ಯಾಂಗರಿನಲ್ಲಿ ಇನ್ನಾರಿಗೂ ಬೇಕಾಗಲಿಲ್ಲ.

ಒಂದು ಸಂಜೆ ಅವನ ಟೂಲ್‌ಗಳೆಲ್ಲ ಬಂದವು. ಟೋಕನ್ ವಾಪಸ್ ಕೊಡಹೋದರೆ ಐದರಲ್ಲಿ ನಾಲ್ಕೇ ಇದ್ದವು. ಕೊಕ್ಕೆಗಳನ್ನೆಲ್ಲ ನೋಡಿದೆ. ಒಂಜಿ, ರಡ್ಡ್, ಮೂಜಿ. ಐದನೆಯದು ಸಿಕ್ಕಿದ್ದು ಬಾಗಿಲ ಪಕ್ಕದ ಮೊಳೆಯಲ್ಲಿ, ನನ್ನ ಬ್ಯಾಗಿನ ಮೇಲೆ.

"ನಾನೇನ್ ಸ್ಪ್ಯಾನರಾ?" ಎಂದೆ. ದನಿ ಗಟ್ಟಿಯಿರಲಿ ಎಂದು ಬಹಳ ಪ್ರಯತ್ನಪಟ್ಟೆ.

"ಅಲ್ಲ. ಟೋಕನ್ ಹಾಕಿದ್ರೆ ಜವಾಬ್ದಾರಿ ಅವ್ನದ್ದು ಅಂತ ಅರ್ಥ ಅಲ್ವಾ. ನಂಗೆ ಕನ್ನಡದಲ್ಲಿ ಹೇಳ್ಲಿಕ್ಕೆ ಬರೋದಿಲ್ಲ ಮಾಧುರಿ. ಮೂರು ಸಲ ನೋಡಿದೆ. ಮೂರು ಸಲವೂ ನೀನೇ."

ಎಡಗಣ್ಣಿನ ತುದಿಯಲ್ಲಿ ಇಟ್ಟುಕೊಂಡಿದ್ದ ನಗು ಅಂದು ಮುಖವೆಲ್ಲ ಹರಡಿತ್ತು. ನಾನು ಮೊಳೆಯಿಂದ ಟೋಕನ್ ತೆಗೆದು ಅವನ ಅಂಗೈಯಲ್ಲಿಟ್ಟೆ.

"ಎಣಿಕಿ ತಪ್ಪಬಾರದು. ಟೋಕನ್ ವಾಪಸ್ ತಗೋ."

"ಮಾತು?"

"ಮಾತು ನನ್ನ ಹತ್ರ ಇರ್ಲಿ."

ಆ ಸಂಜೆ ಏರ್‌ಪೋರ್ಟ್ ರೋಡ್ ಮೆಟ್ರೋದಲ್ಲಿ ನಾನು ನನ್ನ ಪ್ಲಾಟ್‌ಫಾರ್ಮಿಗೆ ಹೋಗಲಿಲ್ಲ. ಅವನ ಜೊತೆ ಘಾಟ್ಕೋಪರ್ ಕಡೆಯ ಗಾಡಿ ಹತ್ತಿದೆ. ಅಪ್ಪನ ಫೋನ್ ಬಂತು.

"ಎಲ್ಲಿದ್ದೀ ಮಗಾ?"

"ಘಾಟ್ಕೋಪರ್ ಮೆಟ್ರೋದಾಗ, ಅಪ್ಪಾ."

"ದಹಿಸರ್ ಆ ಕಡೆ ಅಲ್ಲಲ್ಲಾ. ಅಲ್ಲೇನ್ ನೋಡಾಕ ಹೊಂಟಿ?"

ಪಕ್ಕದಲ್ಲಿ ಹಿತೇಶ್ ಉಸಿರು ಬಿಗಿಹಿಡಿದು ನಿಂತಿದ್ದ. ಈ ಪ್ರಶ್ನೆಗೆ ಒಮ್ಮೆ ಮೂವತ್ತು ಜನರ ಮುಂದೆ ಉತ್ತರ ಕೊಟ್ಟಾಗಿತ್ತು. ಒಬ್ಬ ಅಪ್ಪನಿಗೆ ಕೊಡುವುದೇನು ಮಹಾ?

"ಒಬ್ಬ ಹುಡುಗನ್ನ, ಅಪ್ಪಾ," ಎಂದೆ. "ಮನೀಗೆ ಬಂದು ಪೂರ್ತಿ ಹೇಳ್ತೀನಿ."