ವಿಶ್ರುತನಿಗಿಲ್ಲದ ಭಾನುವಾರ

ಭಾನುವಾರ ಬೆಳಿಗ್ಗೆ ಮೂರನೆಯ ಮಸಾಲೆ ದೋಸೆಯೂ ವಾಪಸ್ ಬಂದಾಗ ಸಂಜನಾಳಿಗೆ ಗಲ್ಲಾದಲ್ಲಿ ಕೂರಲಾಗಲಿಲ್ಲ. ನೌಪಾಡಾದ ಆ ಹೋಟೆಲಿನ ಮುಂದೆ ಜನ ಸಾಲು ನಿಲ್ಲುತ್ತಿದ್ದುದೇ ವಿಶ್ರುತನ ದೋಸೆಗೆ. ಈಚೆಗೆ ಅವನ ದೋಸೆಗೆ ಬಣ್ಣವಿಲ್ಲ, ಅವನ ಬಾಯಲ್ಲಿ ಮಾತಿಲ್ಲ. ಮೊದಲೆಲ್ಲ ಕಾವಲಿಯ ಹಬೆಯ ಆಚೆಯಿಂದ ಒಂದು ಓರೆನೋಟ ಬರುತ್ತಿತ್ತು. ಇವಳು ತಲೆ ತಗ್ಗಿಸಿ ನಗು ನುಂಗಿಕೊಳ್ಳುತ್ತಿದ್ದಳು. ಈಗ ಅದೂ ಬಂದ್.

ಹೋಟೆಲಿನ ಧಣಿ, ಅವಳ ಅಪ್ಪ ಪುಂಡರೀಕಾಕ್ಷರು ಮಂಡಿನೋವೆಂದು ಮನೆಯಲ್ಲಿ ಕೂತು ನಾಲ್ಕು ತಿಂಗಳಾಗಿತ್ತು. ಅಂದಿನಿಂದ ಹೋಟೆಲ್ ನೋಡಿಕೊಳ್ಳುವವಳು, ಡ್ಯೂಟಿ ಚಾರ್ಟ್ ಬರೆಯುವವಳು ಅವಳೇ.

ಮಧ್ಯಾಹ್ನದ ರಶ್ ಇಳಿದ ಮೇಲೆ ಅಡುಗೆಮನೆಗೆ ಹೋದಳು. ಮೂಲೆಯಲ್ಲಿ ಹಿರಿಯ ಅಡುಗೆಯವರು ಮುಂಡಪ್ಪಣ್ಣ ಈರುಳ್ಳಿ ಹೆಚ್ಚುತ್ತಿದ್ದರು.

"ಎಂತಾಯ್ತು ನಿಮಗೆ?" ಎಂದು ಕಾವಲಿಯ ಮುಂದಿದ್ದ ವಿಶ್ರುತನನ್ನು ಕೇಳಿದಳು.

"ಎಂತದೂ ಇಲ್ಲ ಮೇಡಂ," ಎಂದ ವಿಶ್ರುತ. ಎಂದೂ ಇಲ್ಲದ ಆ ಮೇಡಂ ಅವಳಿಗೆ ಚುಚ್ಚಿತು. "ಈ ತಿಂಗಳು ಮುಗಿಸಿ ವಾಶಿಗೆ ಹೋಗ್ತೇನೆ. ಒಂದು ಹೋಟೆಲಿನವರು ಕರೆದಿದ್ದಾರೆ."

"ಸಂಬಳ ಜಾಸ್ತಿಯಾ?"

"ಇಲ್ಲಿಯಷ್ಟೇ."

"ಮತ್ತೆ ಯಾಕೆ?"

ಅವನು ಗೋಡೆಯ ಚಾರ್ಟಿನ ಕಡೆ ನೋಡಿದ. "ಎಲ್ಲರಿಗೂ ತಿಂಗಳಿಗೊಂದು ಭಾನುವಾರ ರಜೆ. ನನಗೆ ನಾಲ್ಕು ತಿಂಗಳಲ್ಲಿ ಒಂದೂ ಇಲ್ಲ. ಡೊಂಬಿವಿಲಿಯ ಭಾನುವಾರದ ತಾಳಮದ್ದಳೆ ಕೂಟದಲ್ಲಿ ಮದ್ದಳೆ ಬಾರಿಸ್ತಿದ್ದೆ, ಈಗ ಬೇರೆಯವರನ್ನು ಕೂರಿಸಿದ್ದಾರೆ. ಕೆಲಸ ಕಷ್ಟ ಅಂತಲ್ಲ. ಹಿಟ್ಟು ಹುಯ್ಯುವಾಗ ಕೈ ಕೇಳ್ತದೆ, ನನಗೆ ಮಾತ್ರ ಯಾಕೆ ಅಂತ."

"ವಾಶಿಯಲ್ಲಿ ನ್ಯಾಯ ಉಂಟಾ?"

"ಗೊತ್ತಿಲ್ಲ. ಅಲ್ಲಿ ಚಾರ್ಟ್ ಬರೆಯುವವರು ನನಗೆ ಯಾರೂ ಅಲ್ಲ. ಅನ್ಯಾಯ ಮಾಡಿದ್ರೂ ಇಷ್ಟು ನೋವಾಗ್ಲಿಕ್ಕಿಲ್ಲ."

ಸಂಜನಾ ಸೆರಗಿಲ್ಲದ ಕುರ್ತಾದ ಅಂಚನ್ನೇ ಬೆರಳಿಗೆ ಸುತ್ತಿಕೊಂಡಳು. "ಪ್ರತಿ ಸಲ ನಿಮ್ಮ ರಜೆ ಬರೀತಿದ್ದೆ, ಮತ್ತೆ ಅಳಿಸ್ತಿದ್ದೆ. ನಿಮಗೆ ಭಾನುವಾರ ಕೊಟ್ರೆ ಎಲ್ಲರೂ ಕಾರಣ ಹುಡುಕ್ತಾರೆ ಅಂತ ಹೆದರಿಕೆ."

"ಎಂತ ಕಾರಣ?"

ಅವಳು ಕಣ್ಣೆತ್ತಿದಳು. ಅವನ ಹುಬ್ಬಿನ ಮೇಲೆ ಒಂದು ಚೂರು ಹಿಟ್ಟು ಒಣಗಿ ಕೂತಿತ್ತು. "ಇರುವ ಕಾರಣವೇ."

ವಿಶ್ರುತನ ಕಿವಿ ಕೆಂಪಾಯಿತು.

"ಆ ಕಾರಣ ನಮಗೆಲ್ಲ ಗೊತ್ತುಂಟು ಮಗಾ," ಎಂದರು ಮುಂಡಪ್ಪಣ್ಣ, ಈರುಳ್ಳಿಯಿಂದ ತಲೆ ಎತ್ತದೆ. "ಅವನ ಪಾಲಿನ ಭಾನುವಾರ ನಮಗೆ ಬರ್ತಿತ್ತಲ್ಲ, ಮನೆಯಲ್ಲಿ ಕೂತ್ರೂ ಸಮಾ ಅನ್ನ ಇಳೀಲಿಲ್ಲ."

ಸಂಜನಾ ಚಾರ್ಟ್ ಬಿಚ್ಚಿ ತಂದು, ಪೆನ್ಸಿಲನ್ನು ಅವರ ಕೈಗೆ ಕೊಟ್ಟಳು. "ಇನ್ನು ನೀವೇ ಬರೀರಿ. ಇವರ ವಿಷಯದಲ್ಲಿ ನನಗೆ ನ್ಯಾಯ ಗೊತ್ತಾಗುದಿಲ್ಲ."

ಮುಂಡಪ್ಪಣ್ಣ ಕೈ ಒರೆಸಿಕೊಂಡು ಮುಂದಿನ ಭಾನುವಾರದ ರಜೆಗೆ ವಿಶ್ರುತನ ಹೆಸರು ಬರೆದರು. ಅದರ ಕೆಳಗೆ ಸಂಜನಾಳದ್ದೂ ಬರೆದರು.

"ನನಗೆ ಯಾಕೆ?"

"ನಾಲ್ಕು ತಿಂಗಳಲ್ಲಿ ನೀನೂ ಒಂದು ದಿನ ತಗೊಳ್ಳಲಿಲ್ಲ. ಅದೆಂತ ನ್ಯಾಯ? ಗಲ್ಲಾದಲ್ಲಿ ಪಾರ್ಸೆಲ್ ಕೌಂಟರಿನ ರಮಿತಾ ಕೂರ್ತಾಳೆ."

"ವಾಶಿಯವರಿಗೆ?" ಎಂದು ಸಂಜನಾ ಮೆಲ್ಲನೆ ಕೇಳಿದಳು.

"ಬರುದಿಲ್ಲ ಅಂತ ಫೋನ್ ಮಾಡ್ತೇನೆ," ಎಂದ ವಿಶ್ರುತ. ಹುಬ್ಬಿನ ಹಿಟ್ಟು ಒರೆಸಿಕೊಂಡು, "ಡೊಂಬಿವಿಲಿಗೆ ಕೂಟ ಕೇಳ್ಲಿಕ್ಕೆ ಬರ್ತೀರಾ?"

"ನಿಮ್ಮ ಜಾಗದಲ್ಲಿ ಬೇರೆಯವರು ಉಂಟಲ್ಲ."

"ಹಾಗಾಗಿಯೇ. ನಿಮ್ಮ ಪಕ್ಕದಲ್ಲಿ ಕೂರ್ಬಹುದು. ಫಾಸ್ಟ್ ಲೋಕಲ್ ಟ್ರೇನ್ ಹಿಡಿದ್ರೆ ಬೇಗ ಮುಟ್ತೇವೆ."

ಸಂಜನಾ ಈ ಸಲ ನಗು ಮುಚ್ಚಿಕೊಳ್ಳಲಿಲ್ಲ.

"ಸ್ಲೋದಲ್ಲಿ ಹೋಗುವ," ಎಂದಳು. "ಕಳವಾ, ಮುಂಬ್ರಾ, ದಿವಾ... ಎಲ್ಲ ಸ್ಟೇಷನ್ ಬರಲಿ."